ತೆಗಿ ಅಂದದ್ದಕ್ಕೆ

ಜುಲೈ ೧೪, ಸೋಮವಾರ. ಘಾಜಿಯಾಬಾದ್.

ತಲೆ ಚಿಟ್ಟು ಹಿಡಿದುಹೋಗಿದೆ. ಬೆಳಗ್ಗೆಯಿಂದ ಆ ಹಾಳು ಪ್ರಾಕ್ಸಿ ಸರ್ವರ್ ಎಬ್ಬಿಸಿದಷ್ಟು ಸಲವೂ ಬಿತ್ತು. ಇಡೀ ಆಫೀಸಿನ ಇಂಟರ್ನೆಟ್ ಅದರ ಮೂಲಕವೇ ಹೋಗಬೇಕು. ಮತ್ತೆ ಬಿತ್ತಾ ಎಂದು ಸಾಹೇಬರದು ಒಂದೇ ಪಲ್ಲವಿ: "ಫಿರ್ ಗಿರ್ ಗಯಾ?"

ನಾವು ನೋಡಿದ ಪುಟಗಳ ನಕಲನ್ನು ಅದು ಕೂಡಿಡುವ ಕ್ಯಾಶ್ ಫೋಲ್ಡರಿನ ಮೇಲೆಯೇ ನನಗೆ ಅನುಮಾನ. ಸಾಹೇಬರ ಕೋಣೆಯಲ್ಲಿ ಬೈಸಿಕೊಳ್ಳುತ್ತಲೇ ಜೂನಿಯರ್ ಧನ್ಯಾಗೆ ಫೋನ್ ಮಾಡಿ, "ಆ ಕ್ಯಾಶ್ ಫೋಲ್ಡರ್ ತೆಗಿಯಮ್ಮ" ಅಂದೆ, ಒಳಗೇನಿದೆ ನೋಡಲಿ ಎಂದು. ಅವಳ ಮನೆಯವರು ಮೈಸೂರಿನ ಕಡೆಯವರು, ಅವಳು ಹುಟ್ಟಿ ಬೆಳೆದದ್ದು ಮಾತ್ರ ದೆಹಲಿಯಲ್ಲಿ. ಕೆಳಗೆ ಬಂದು ನೋಡಿದರೆ ಫೋಲ್ಡರೇ ಇಲ್ಲ! ಅದಿಲ್ಲದೆ ಸರ್ವರ್ ಏಳುವುದಕ್ಕೂ ಒಪ್ಪಲಿಲ್ಲ.

"ತೆಗಿ ಅಂದ್ರಿ ಸರ್, ಹಟಾ ದಿಯಾ, ಡಿಲೀಟ್ ಮಾಡ್ದೆ. ಮಮ್ಮಿ 'ಶೂ ತೆಗಿ' ಅಂತಾರಲ್ಲ, ವೈಸೇ ಹೀ."

"ಬಾಗಿಲು ತೆಗಿ ಅಂದ್ರೆ ಬಾಗಿಲನ್ನೇ ಕಿತ್ತು ಹಾಕ್ತೀಯಾ?" ಎಂದು ಎಲ್ಲರೆದುರು ಕೂಗಾಡಿದೆ.

ಖಾಲಿ ಫೋಲ್ಡರನ್ನು ಹೊಸದಾಗಿ ಮಾಡಿ ಎಬ್ಬಿಸಿದೆ. ಎದ್ದದ್ದು ಸಂಜೆಯವರೆಗೂ ಬೀಳಲಿಲ್ಲ! ಹಾಗಾದರೆ ಕೇಡು ಇದ್ದದ್ದು ಅವಳು ಅಳಿಸಿದ್ದರಲ್ಲೇ. ಏನು ಕೆಟ್ಟಿತ್ತೋ ಇನ್ನು ದೇವರಿಗೇ ಗೊತ್ತು. ಸಾಹೇಬರಿಗೆ ಮಾತ್ರ ನಾಳೆ ಕಾರಣ ಬರೆದುಕೊಡಬೇಕಂತೆ. ಏನಂತ ಬರೆಯಲಿ, ಕನ್ನಡ ಅಂತಲೇ?

ಬೈದದ್ದಕ್ಕೆ ಕ್ಷಮೆ ಕೇಳೋಣವೆಂದು ಈಗ ಫೋನ್ ಎತ್ತಿಕೊಂಡರೆ ಅವಳದೇ ಮೆಸೇಜು: "ಸರ್, ನಾಳೆ ಯಾವ ಫೋಲ್ಡರ್ ತೆಗೀಬೇಕು?"

"ಯಾವುದನ್ನೂ ತೆಗೀಬೇಡ ತಾಯಿ" ಎಂದು ಬರೆದೆ. ಎರಡರಲ್ಲಿ ಯಾವ ಅರ್ಥ ಹಿಡಿದುಕೊಂಡರೂ ನಾನು ಬಚಾವ್.