ಉತ್ತರಕ್ಕೆ ರೈಲು ಹಳಿ

ಮಾರ್ಚ್ 3, ಬೆಳಿಗ್ಗೆ
ಕಾಫಿ ಆಯಿತು. ಕೋಳಿಗಳಿಗೆ ಜೋಳ ಹಾಕಿದೆ. ಹಿತ್ತಲಿಗೆ ಹೋಗಿ ಹೆಂಡತಿ ಹೆರ್ಮೆಲಿಂದಾಳ ಸಮಾಧಿ ಗುಡಿಸಿ ಬಂದೆ. ಎಂಟು ತಿಂಗಳಾಯಿತು, ಮಳೆಗೆ ಮಣ್ಣು ಕುಸಿದಿದೆ. ಸಿಮೆಂಟು ಹಾಕಿಸಬೇಕು... ಸಮಾಧಿಯ ಆಚೆ ಬಾಳೆ ಕಂಪನಿ ಬಿಟ್ಟುಹೋದ ಹಳಿ, ಮೂವತ್ತು ವರ್ಷದಿಂದ ಹುಲ್ಲಲ್ಲಿ ಮಲಗಿದೆ. ಪ್ಯಾರಲಲ್ ಲೈನ್ಸ್ ನೆವರ್ — ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು, ಮುಂದಿನದು ಮರೆತೆ. ನನ್ನ ನೆಲದಲ್ಲಿದೆ. ಪ್ರೈವೇಟ್ ಪ್ರಾಪರ್ಟಿ. ಮಾರಿದರೆ ಯಾರು ಕೇಳುತ್ತಾರೆ?

ಮಾರ್ಚ್ 9
ಬಂದರು ಪಟ್ಟಣ ತೇಲಾದಿಂದ ಗುಜರಿಯ ಒಬ್ದುಲಿಯೊ ಬಂದ, ಗ್ಯಾಸ್ ಕಟರ್ ಸಮೇತ. ಹಳಿಗೆ ಒದ್ದು ನೋಡಿದ.
"ಒಳ್ಳೆ ಉಕ್ಕು, ದೋನ್ ರೊಮುಲೊ. ನಿಮಗಿಂತ ಗಟ್ಟಿ."
"ನಾನು ತುಕ್ಕು ಹಿಡಿದಿಲ್ಲಪ್ಪ, ಬರೀ ಬಾಗಿದೀನಿ."
ಪಕ್ಕದ ಮನೆಯಿಂದ ಹೆಂಡತಿಯ ತಂಗಿ ಚೋನಿತಾ ಕೂಗಿದಳು: "ಭಾವಾ, ಗುರುತಿಗೆ ಒಂದು ತುಂಡಾದ್ರೂ ಬಿಡಿ!"
"ಈ ದುಡ್ಡು ನಿಮ್ಮಕ್ಕನ ಸಮಾಧಿಯ ಸಿಮೆಂಟಿಗೇ ಕಣಮ್ಮ."
ಎಲ್ಲ ಹೋಯಿತು. ಹಳಿಯಡಿಯ ಮರದ ಸ್ಲೀಪರುಗಳನ್ನು ಒಲೆಗೆ ಸೀಳಿಸಿದೆ. ಮೊಳೆಗಳನ್ನು ನಾನೇ ಬಕೆಟ್ಟಿಗೆ ಆರಿಸಿ ಕೊಟ್ಟೆ. ನೀಟ್ ವರ್ಕ್.

ಮಾರ್ಚ್ 21
ಸಿಮೆಂಟು ನುಣ್ಣಗೆ ಬಂದಿದೆ. ಹಸಿಯಿದ್ದಾಗಲೇ ಕಡ್ಡಿಯಿಂದ ಅವಳ ಹೆಸರು ಬರೆದೆ.

ಏಪ್ರಿಲ್ 16
ಉತ್ತರದ ತಾಳೆ ತೋಟದ ಇಂಜಿನಿಯರ್ ಬಂದಿದ್ದ. ಬೇಲಿ ಹಾಕಿಸುತ್ತಾನಂತೆ, ಕೋಳಿಗೂಡಿನ ಪಕ್ಕಕ್ಕೇ. ಹಾಗಾದರೆ ಸಮಾಧಿ ಅವನ ಕಡೆಗೆ ಹೋಗುತ್ತದೆ. ಜಮೀನಿನ ಪತ್ರ ತೋರಿಸಿದೆ. ಗಟ್ಟಿಯಾಗಿ ಓದಿದ: "'ಉತ್ತರಕ್ಕೆ, ರೈಲು ಹಳಿಯವರೆಗೆ.' ಸರಿ ದೋನ್. ಹಳಿ ಎಲ್ಲಿ?"
ಕೈ ತೋರಿಸಿದೆ. ಅಲ್ಲಿ ಹುಲ್ಲಿತ್ತು.
"ನಮ್ಮ ನಕ್ಷೇಲಿ ಹಳಿ ಇದ್ದದ್ದು ಕೋಳಿಗೂಡಿನ ಹತ್ರ. ಅಲ್ಲ ಅಂದ್ರೆ ತೋರ್ಸಿ."
ಇಲ್ಲಿ ಎಲ್ಲರ ಪತ್ರವೂ ಹೀಗೇ — ಹಳಿಯವರೆಗೆ, ಹೊಳೆಯವರೆಗೆ, ಸೇಬಾ ಮರದವರೆಗೆ. ಗಡಿಕಲ್ಲು ನೆಟ್ಟವರಿಲ್ಲ. ಗೊತ್ತಿತ್ತು. ಗೊತ್ತಿದ್ದೂ...

ಏಪ್ರಿಲ್ 18
ತೇಲಾಕ್ಕೆ ಹೋಗಿದ್ದೆ. ಹಳಿ ಎಲ್ಲಿಂದ ಕಿತ್ತೆ ಅಂತ ಸಾಕ್ಷಿ ಹೇಳು ಎಂದೆ ಒಬ್ದುಲಿಯೊಗೆ.
"ಕಂಪನಿ ಮಾಲು ಕೊಂಡೆ ಅಂತ ನನ್ನ ಬಾಯಿಂದಾನೇ ಹೇಳಿಸ್ತೀರಾ? ಅದು ಆಗ್ಲೇ ಹಡಗು ಹತ್ತಿ ಹೋಯ್ತು ದೋನ್. ಕರಗಿರತ್ತೆ."
ಸಂಜೆ ಚೋನಿತಾ ಬಂದಳು. ಬೀನ್ಸು, ರೊಟ್ಟಿ ಇಟ್ಟು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 22, ಮಧ್ಯಾಹ್ನ
ಬೆಳಗಿನಿಂದ ಬೇಲಿಯ ಏಳು ಕಂಬ ನೆಟ್ಟಿದ್ದಾರೆ. ನಾನು ಹಳಿಯಿದ್ದ ಕಡೆ ಅಗೆಯುತ್ತಿದ್ದೇನೆ. ಒಂದು ಮೊಳೆ ಸಿಕ್ಕರೆ ಸಾಕು. ಪ್ರೂಫ್. ಆರಿಸುವಾಗ ಒಂದಾದರೂ ಕೈತಪ್ಪಿರಬೇಕು. ಜೀವಮಾನದಲ್ಲಿ ಯಾವ ಕೆಲಸವನ್ನೂ ಅಷ್ಟು ನೀಟಾಗಿ ಮಾಡಿದವನಲ್ಲ ನಾನು. ಹೆರ್ಮೆಲಿಂದಾ ಇದ್ದಿದ್ದರೆ ನಗುತ್ತಿದ್ದಳು.
ನೀರು ಕುಡಿಯಲು ಒಳಗೆ ಬಂದೆ. ಕಿಟಕಿಯಿಂದ ಕಾಣುತ್ತಿದೆ — ಎಂಟನೆಯ ಕಂಬ ಎತ್ತಿದ್ದಾರೆ. ಚೋನಿತಾ ಅಡ್ಡ ನಿಂತಿದ್ದಾಳೆ, ಪೊರಕೆ ಹಿಡಿದು. ಹೋಗಬೇಕು. ಇನ್ನೊಂದು ಮೊಳ ಅಗೆದರೆ...