ಚೀಟಿ ಕೀಳದ ಖಣ

ಅಕ್ಕಾ,

ಮೊದಲು ಖರ್ಚು ಹೇಳಿಬಿಡುತ್ತೇನೆ, ಕ್ಷೇಮಸಮಾಚಾರ ಆಮೇಲೆ. ನಿನ್ನ ಮಗಳು ರೇಣುಕಾಳ ಕುಬಸದ ಶಾಸ್ತ್ರಕ್ಕೆ ಹಸಿರು ಇಳಕಲ್ ಸೀರೆ, ಹಸಿರು ಬಳೆ, ಒಂದು ರವಿಕೆ ಖಣ, ಐದು ಬುಟ್ಟಿ ತಿಂಡಿ, ಉಡಿಗೆ ಅಕ್ಕಿ, ಒಣಕೊಬ್ಬರಿ, ಉತ್ತತ್ತಿ, ನವನಗರದಿಂದ ಇಳಕಲ್‌ಗೆ ಹೋಗಿಬರುವ ಗಾಡಿ ಬಾಡಿಗೆ, ಎಲ್ಲ ಕೂಡಿ ಹತ್ತೊಂಬತ್ತು ಸಾವಿರದ ಆರುನೂರು ರೂಪಾಯಿ. ನನ್ನ ಮದುವೆಯನ್ನೇ ನೀನು ಇದಕ್ಕಿಂತ ಕಡಿಮೆಯಲ್ಲಿ ಮುಗಿಸಿದ್ದೆ. ಇಷ್ಟರಲ್ಲಿ ಎಲ್ಲಕ್ಕಿಂತ ಅಗ್ಗದ ವಸ್ತು ಯಾವುದು ಗೊತ್ತೇ? ಖಣ. ನೀನು ಜೀವಮಾನವಿಡೀ ನೇಯ್ದದ್ದು.

ದವಾಖಾನೆಯ ಮಂಚದ ಮೇಲೆ ನನ್ನ ಕೈ ಹಿಡಿದು ನೀನು ಕೇಳಿದ್ದು ಒಂದೇ. "ತಮ್ಮಾ, ಅಕಿ ಕುಬಸದಾಗ ತವರು ಸಣ್ಣದು ಅಂತ ಯಾರೂ ಅನಬಾರದು ನೋಡು." ಆಗ ಅವಳಿಗಿನ್ನೂ ಮದುವೆಯೇ ಆಗಿರಲಿಲ್ಲ. ಬಸುರಿ ಮಗಳಿಗೆ ತವರಿನವರು ಸೀರೆ, ಖಣ ತಂದು ಉಡಿ ತುಂಬಬೇಕು, ಸರಿ. ಭಾವ ಮೊದಲೇ ತೀರಿಹೋಗಿದ್ದರು, ಆಮೇಲೆ ನೀನು. ತವರು ಅಂತ ಉಳಿದವನು ಈ ಖಣದಂಗಡಿಯ ಸೋದರಮಾವ ಒಬ್ಬನೇ. ತವರಿನ ತೂಕವನ್ನು ಒಬ್ಬ ಗಂಡಸು ಹೊತ್ತುಕೊಂಡು ಹೋಗುವುದೆಂದರೆ...

ಟೀವಿಯಲ್ಲಿ ಹಣದುಬ್ಬರ ಇಳಿದಿದೆ ಎಂದು ಹೇಳಿದ ಸಂಜೆ ನೆನಪಿದೆಯೇ? ಗುಳೇದಗುಡ್ಡದ ನಿಮ್ಮ ಪಡಸಾಲೆಯಲ್ಲಿ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಕೂತಿದ್ದ ನೀನು ಲಾಳಿ ನಿಲ್ಲಿಸಿ ಕೇಳಿದೆ.

"ಇಳದೈತಿ ಅಂದ್ರ ಎಣ್ಣಿ ಸೋವಿ ಆತೇನೋ?"

"ಇಲ್ಲಬೇ ಅಕ್ಕಾ. ಬೆಲಿ ಏರೂದು ಸ್ವಲ್ಪ ಸಾವಕಾಶ ಆಗೈತಿ ಅಂತ ಅದರ ಅರ್ಥ."

"ಅಂದ್ರ ಬೆನ್ನ ಮ್ಯಾಲಿನ ಚೀಲ ಇಳಿಸಿಲ್ಲ. ಮುಂದಿನ ಚೀಲ ಸಣ್ಣದು ಹೇರತಾರ, ಅಷ್ಟ."

ಅಕ್ಕಿ, ಬೇಳೆ, ಬಟ್ಟೆ, ಬಾಡಿಗೆ ಎಲ್ಲವನ್ನೂ ಒಂದು ಬುಟ್ಟಿಗೆ ಹಾಕಿದಂತೆ ಹಿಡಿದು ಸರ್ಕಾರದವರು ಈ ಲೆಕ್ಕ ಕಟ್ಟುತ್ತಾರೆ ಎಂದು ನನಗೆ ತಿಳಿದಷ್ಟು ಬಿಡಿಸಿ ಹೇಳಿದೆ. "ಆ ಬುಟ್ಯಾಗ ನನ್ನ ಕೂಲಿ ಐತೇನು?" ಎಂದು ಕೇಳಿ ನೀನು ಮತ್ತೆ ಲಾಳಿ ಎಳೆದೆ. ನಾನು ಎದ್ದು ಟೀವಿ ಆರಿಸಿದೆ.

ಕುಬಸದ ದಿನ ಇಳಕಲ್ಲಿನ ಅವಳ ಅತ್ತೆಮನೆ ತುಂಬ ಹೆಣ್ಣುಮಕ್ಕಳು. ಹಾಡು ಮುಗಿದು, ಎಲ್ಲರೂ ಉಡಿ ತುಂಬಿ, ಬಂದ ಖಣಗಳನ್ನು ಬೀಗತಿ ಎಣಿಸುತ್ತಿದ್ದಳು. ಒಂದು ಖಣದ ಮಡಿಕೆಯಲ್ಲಿ ನನ್ನ ಅಂಗಡಿಯ ಬೆಲೆಚೀಟಿ. ಬಣ್ಣ ಮಾಸಿದೆ, ಆದರೆ ನನ್ನದೇ ಅಕ್ಷರ: ನೂರಾ ಹತ್ತು.

"ಏನ್ರಿ ಬೀಗರ, ಅಂಗಡ್ಯಾಗ ಮಾರದ ಉಳಿದ ಮಾಲು ನಮ್ಮ ಸೊಸಿ ಉಡಿಗೆ ಬಂತೇನು?"

ನಗು ಎದ್ದಿತು. ಹಸಿರು ಸೀರೆಯಲ್ಲಿ ಕೂತಿದ್ದ ರೇಣುಕಾ ತಲೆ ಕೆಳಗೆ ಹಾಕಿದಳು. ನಾನು ತಂದ ಹೊಸ ಖಣ ಅವಳ ತೊಡೆಯ ಮೇಲೇ ಇತ್ತು, ಆದರೆ ಆ ಗದ್ದಲದಲ್ಲಿ ಯಾರಿಗೆ ತೋರಿಸಲಿ? ನೀನು ಬೇಡಿದ್ದ ಒಂದೇ ಒಂದು ಮಾತು ಎಲ್ಲರೆದುರು ನೆಲಕ್ಕೆ ಬಿದ್ದಿತ್ತು.

ಆಗ ಹುನಗುಂದದಿಂದ ಬಂದಿದ್ದ ಬೀಗತಿಯ ಅಕ್ಕನೇ ಮೂಲೆಯಿಂದ ಕೂಗಿದಳು. "ಏ, ಅದು ನಾ ತುಂಬಿದ್ದು ಬೇ! ಚೀಟಿ ಕೀಳೂದು ಮರತೆ. ನನಗ ಬಾದಾಮ್ಯಾಗ ಗೃಹಪ್ರವೇಶಕ್ಕ ಹ್ವಾದಾಗ ಕೊಟ್ಟಿದ್ರು."

"ಬಾದಾಮಿಯಾಕಿಗೆ ನಾನ ಕೊಟ್ಟಿದ್ದೆ!" ಎಂದಳು ಇನ್ನೊಬ್ಬಳು.

"ನಿನಗ್ಯಾರು ಕೊಟ್ರು?"

"ಯಾರಿಗೆ ನೆನಪ ಐತಿ? ಬಂದ ಖಣ ಮುಂದ ಹೋಗೂದ ಅಲ್ಲೇನು?"

ಉಡಿಗೆ ಬಂದ ಖಣವನ್ನು ಹೊಲಿಸದೆ ಇನ್ನೊಬ್ಬರ ಉಡಿಗೆ ದಾಟಿಸುವುದು ನಮ್ಮ ಕಡೆ ಯಾವ ಮನೆಯಲ್ಲಿಲ್ಲ ಹೇಳು? ಚೀಟಿ ಕಿತ್ತಿರಬೇಕು, ಅದೊಂದೇ ಕಾಯಿದೆ.

ಚೀಟಿ ಕೈಯಿಂದ ಕೈಗೆ ಹೋಯಿತು. "ನೂರಾ ಹತ್ತಕ್ಕ ಖಣ! ಎಂಥಾ ಸೋವಿ ಕಾಲರಿ ಅದು," ಎಂದರು ಯಾರೋ. ನನಗೆ ತಡೆಯಲಾಗಲಿಲ್ಲ. "ಕಾಲ ಸೋವಿ ಇತ್ತು ಖರೆ. ಆದ್ರ ಇವತ್ತೂ ಇಂಥಾದ್ದು ನನ್ನ ಅಂಗಡ್ಯಾಗ ನೂರಾ ನಲವತ್ತ ಅಷ್ಟರಿ. ಆವಾಗ ಒಂದು ಖಣದ ರೊಕ್ಕಕ್ಕ ಒಂದು ಕಿಲೋ ಒಣಕೊಬ್ಬರಿ ಬರ್ತಿತ್ತು. ಈಗ ಅರ್ಧ ಕಿಲೋನೂ ಬರೂದಿಲ್ಲ." ಖಣದ ಬೆಲೆ ಏರದಿರುವುದಕ್ಕೆ ಕಾರಣ ಈ ದಾಟಿಸುವುದೇ. ತೊಡುವುದಕ್ಕೆ ಕೊಂಡರೆ ಜನ ಒಳ್ಳೆಯದನ್ನು ಕೇಳುತ್ತಾರೆ. ದಾಟಿಸುವುದಕ್ಕೆ ಕೊಂಡರೆ ಸೋವಿಯದನ್ನು ಕೇಳುತ್ತಾರೆ. ಬಳೆ ಏರಿತು, ಎಣ್ಣೆ ಏರಿತು, ಹೊಲಿಗೆಯ ಕೂಲಿ ಬಟ್ಟೆಯ ಬೆಲೆಯನ್ನೇ ದಾಟಿ ಹೋಯಿತು. ನಿನ್ನ ಕೂಲಿ ಮಾತ್ರ...

ರೇಣುಕಾ ತಲೆ ಎತ್ತಿದಳು. "ಮಾಮಾ, ಆವಾಗ ನಿನ್ನ ಅಂಗಡಿಗೆ ನಮ್ಮನಿ ಖಣ ಅಷ್ಟ ಬರ್ತಿದ್ವಲ್ಲ?"

"ಹೂಂ."

"ಅಂದ್ರ ಇದು ನಮ್ಮವ್ವ ನೇಯ್ದದ್ದು." ಅದನ್ನು ಎಳೆದುಕೊಂಡು ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ಇದು ಇನ್ನ ಮುಂದ ಹೋಗೂದಿಲ್ಲ. ನಾ ಹೊಲಸ್ಕೋತೀನಿ."

ಬೀಗತಿ ಎಣಿಸುತ್ತಿದ್ದ ಖಣಗಳನ್ನು ಬದಿಗಿಟ್ಟಳು. ಆಮೇಲೆ ಎದ್ದು ಬಂದು ಸೊಸೆಯ ಸೆರಗು ಸರಿಮಾಡಿ ಮೆಲ್ಲಗೆ ಹೇಳಿದಳು, "ತವರು ಖರೇನ ಬಂದೈತಿ ಬಿಡವಾ." ಅಕ್ಕಾ, ಇದನ್ನು ನಿನಗೆ ಮುಟ್ಟಿಸಬೇಕೆಂದೇ ಇಷ್ಟೆಲ್ಲ ಬರೆದೆ.

ಇನ್ನು ನೀನು ಕೇಳದ ಸುದ್ದಿ. ಹೆಣ್ಣು ಮಗು. ತೊಟ್ಟಿಲಿಗೆ ಹಾಕಿದ ದಿನ ರೇಣುಕಾ ಅದೇ ಖಣದಿಂದ ಹೊಲಿಸಿದ ಕುಬಸ ತೊಟ್ಟಿದ್ದಳು. ನಿನ್ನ ಮಗ್ಗದ ಮೇಲೆ ಈಗ ನೆರೆಮನೆಯ ಪಾರವ್ವ ಕೂರುತ್ತಾಳೆ. ಅವಳ ಖಣಕ್ಕೆ ನೂರಾ ಎಂಬತ್ತು ಎಂದು ಬರೆದು ಅಂಟಿಸಿದ್ದೇನೆ, ಏರಿದ ನಲವತ್ತೂ ಅವಳ ಕೂಲಿಗೆ. "ಏನ್ರಿ, ನಿಮ್ಮ ಅಂಗಡಿಗೂ ಹಣದುಬ್ಬರ ಬಂತೇನು?" ಎಂದು ಗಿರಾಕಿಗಳು ಬೈಯುತ್ತಾರೆ. ಬಂತರಿ, ಭಾಳ ತಡಾ ಮಾಡಿ ಬಂತು ಅನ್ನುತ್ತೇನೆ. ಕೆಲವರು ಖಣ ಕೆಳಗಿಟ್ಟು ಎದ್ದು ಹೋಗಿದ್ದಾರೆ. ಹೋಗಲಿ. ಪಾರವ್ವ ಮಗ್ಗದ ಮೇಲೆ ಇರುವತನಕ ಆ ಬೆಲೆ ಇಳಿಸುವುದಿಲ್ಲ, ಇದು ನಿನಗೆ ಕೊಟ್ಟ ಮಾತು.

ಆ ಒಂದು ಖಣದಿಂದ ಯಾರಿಗೆ ಏನು ಬಂತೆಂದು ಕೂಡಿಸಿ ನೋಡಿದೆ. ನನ್ನ ಅಂಗಡಿಗೆ ಹದಿನೈದು ರೂಪಾಯಿ ಲಾಭ. ಬಾದಾಮಿ, ಹುನಗುಂದದ ಹೆಣ್ಣುಮಕ್ಕಳಿಗೆ ಖರ್ಚಿಲ್ಲದೆ ಉಡಿ ತುಂಬಿದ ಪುಣ್ಯ. ಇಳಕಲ್ಲಿನ ದರ್ಜಿಗೆ ಹೊಲಿಗೆಯ ಮುನ್ನೂರು. ಪಾರವ್ವನಿಗೆ ಖಣಕ್ಕೆ ನಲವತ್ತು ಹೆಚ್ಚು. ರೇಣುಕಾಳಿಗೆ ಅವ್ವ ನೇಯ್ದ ಕುಬಸ.

ನಿನಗೆ, ಅವತ್ತಿನ ಕೂಲಿ.