ಮಾವನ ಗ್ಯಾರಂಟಿ

ಭಾನುವಾರ, ಫೆಬ್ರುವರಿ ೧೨
ಟೈರ್ ಅಂಗಡಿಯಿಂದ

ಪ್ರೀತಿಯ ಅಳಿಯ ಕಡ್ಡಿಗೆ,

ನಿನ್ನ ಸೋದರಮಾವನ ಆಶೀರ್ವಾದಗಳು. ನಿನ್ನ ಅತ್ತೆಯ ಮಂಡಿನೋವೊಂದು ಬಿಟ್ಟರೆ ಇಲ್ಲಿ ಎಲ್ಲರೂ ನೆಟ್ಟಗಿದ್ದಾರೆ. ನಾನು ಮಾತ್ರ ನೆಟ್ಟಗಿಲ್ಲ, ಅದಕ್ಕೇ ಈ ಪತ್ರ.

ತಡವಾಯಿತು, ಕ್ಷಮಿಸು. ಅಂಗಡಿಯಲ್ಲಿ ಬಿಡುವಿರಲಿಲ್ಲ ಎಂದು ಬರೆಯಲು ಹೊರಟಿದ್ದೆ, ಅದು ಸುಳ್ಳು. ಬಿಡುವು ಬೇಕಾದಷ್ಟಿತ್ತು, ಧೈರ್ಯವಿರಲಿಲ್ಲ. ಫೋನಿರುವಾಗ ಈ ಮುದುಕನಿಗೇಕೆ ಪತ್ರದ ಹುಚ್ಚು ಎಂದು ನೀನು ಗೊಣಗುತ್ತಿರಬಹುದು. ನನ್ನ ಬಾಯಿ ನಿನಗೆ ಗೊತ್ತಲ್ಲ. ಫೋನು ಕಿವಿಗಿಟ್ಟ ಕೂಡಲೇ ಅದು ತನ್ನ ಪಾಡಿಗೆ ಜಂಬ ಕೊಚ್ಚಲು ಶುರುಮಾಡುತ್ತದೆ. ಹಳ್ಳಿ ಶಾಲೆಯ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ ಅಕ್ಷರಗಳು ಹಾಗಲ್ಲ. ನಿಧಾನಕ್ಕೆ ಬರುತ್ತವೆ. ಸುಳ್ಳು ಹೇಳುವಷ್ಟು ಚುರುಕು ಅವಕ್ಕಿಲ್ಲ.

ಮೊದಲು ಸುದ್ದಿ. ಅಂಗಡಿಗೆ ಹೊಸ ಕಂಪ್ರೆಸರ್ ಬಂದಿದೆ. ಮೊನ್ನೆ ಶಾಲೆ ಬಸ್ಸಿನ ಡ್ರೈವರು ಒಂದು ಟೈರ್ ಉರುಳಿಸಿಕೊಂಡು ಬಂದ. ಬೇರೆ ಅಂಗಡಿಯವರೆಲ್ಲ ತೂತು ಸಿಗದೆ ಕೈಚೆಲ್ಲಿದ್ದರಂತೆ. ನಾನು ಟ್ಯೂಬನ್ನು ನೀರಿನ ತೊಟ್ಟಿಗಿಳಿಸಿ ಸ್ವಲ್ಪ ತಿರುಗಿಸಿದೆ ಅಷ್ಟೆ. ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆ! "ಯಜಮಾನ್ರೇ, ಅದೇನು ಕಣ್ಣಾ, ದುರ್ಬೀನಾ?" ಎಂದ. ನಾನು ಮೀಸೆ ತಿರುವಿದೆ. ನಿನ್ನ ಅತ್ತೆ ಒಳಗಿನಿಂದಲೇ, "ನಮ್ಮನೆ ನಲ್ಲಿ ತೊಟ್ಟಿಕ್ಕೋದು ಮಾತ್ರ ಆ ದುರ್ಬೀನಿಗೆ ಕಾಣಲ್ಲ" ಎಂದಳು.

ನೋಡು, ಅಕ್ಷರಗಳನ್ನೂ ಜಂಬಕ್ಕೆ ಹೂಡಿಬಿಟ್ಟೆ. ಸಾಕು.

ಬಸುರಿ ಹೆಂಡತಿಯನ್ನು ತವರಿಗೆ ಕಳಿಸಿದ್ದೀಯಂತೆ. "ಪ್ರತಿಸಲವೂ ಜಾಗ್ರತೆಯಾಗಿದ್ದೆವು, ಇದು ನನ್ನದು ಹೇಗಾಗುತ್ತೆ" ಎಂದೆಯಂತೆ. ಅದೂ ಸಾಲದೆ, ಯಾರಿಂದ ಏನು ರೋಗ ತಂದಿದ್ದಾಳೋ, ರಕ್ತ ಪರೀಕ್ಷೆ ಮಾಡಿಸಿಕೊಂಡೇ ಮನೆ ಮೆಟ್ಟಿಲು ಹತ್ತಲಿ ಎಂದೆಯಂತೆ. ನನ್ನ ಅಕ್ಕ ಇದನ್ನೆಲ್ಲ ನಿನ್ನ ಅತ್ತೆಯ ಹತ್ತಿರ ಹೇಳಿಕೊಂಡು ಅತ್ತಳು. ನಿನ್ನ ಅಮ್ಮ ಅಳುವುದನ್ನು ನಿಮ್ಮ ಅಪ್ಪ ತೀರಿಕೊಂಡ ಮೇಲೆ ನಾನು ನೋಡಿರಲಿಲ್ಲ.

ಕಡ್ಡಿ, ಮಗು ನಿನ್ನದೇ. ತಪ್ಪು ನನ್ನದು. ಹೇಗೆಂದು ಬರೆಯುತ್ತೇನೆ. ನಡುವೆ ನಗು ಬಂದರೆ ನಗು, ಆದರೆ ಪೂರ್ತಿ ಓದು.

ಪಾಪು ಹುಟ್ಟಿದಾಗ ಆಪರೇಷನ್ ಆಗಿತ್ತಲ್ಲ. ಹೊಲಿಗೆ ಗಟ್ಟಿಯಾಗಬೇಕು, ಎರಡು ವರ್ಷ ಇನ್ನೊಂದು ಮಗುವಿನ ಯೋಚನೆ ಬೇಡ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಮಾತ್ರೆ ಅವಳಿಗೆ ಒಗ್ಗಲಿಲ್ಲ. ಆಗ ನೀನು ನನ್ನ ಅಂಗಡಿಗೆ ಬಂದು, ಹಳೇ ಟೈರಿನ ಮೇಲೆ ಕೂತು, ಅರ್ಧ ಗಂಟೆ ಹವಾಮಾನದ ವಿಷಯ ಮಾತಾಡಿದೆ. ಕೊನೆಗೆ ನಾನೇ, "ಏನೋ ಅದು, ಉಗುಳೋ" ಎಂದೆ.

"ಮಾವ, ಕಾಂಡೋಮ್ ಬೇಕಿತ್ತು. ನಮ್ಮ ಬೀದಿ ಮೆಡಿಕಲ್ ಶಾಪಿನವರು ಅಪ್ಪನ ಜೊತೆ ಇಸ್ಪೀಟು ಆಡ್ತಿದ್ದೋರು. ಅವರ ಮುಂದೆ ಹೇಗೆ ಕೇಳ್ಲಿ?"

ನಿನ್ನ ಮುಖ ಬ್ರೇಕ್ ಲೈಟಿನ ಹಾಗೆ ಕೆಂಪಾಗಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಮದುವೆ ಆಗೋವಾಗ ಊರಿಗೆಲ್ಲ ಕಾರ್ಡು ಹಂಚಿದ್ದೆ, ಇದಕ್ಕೇನೋ ನಾಚಿಕೆ? ನಾನಿದ್ದೀನಿ ಬಿಡು" ಎಂದೆ. ಆ 'ನಾನಿದ್ದೀನಿ' ಎನ್ನುವುದೇ ನನ್ನ ಜಾಯಮಾನದ ರೋಗ.

ಹೆದ್ದಾರಿಯ ಮೆಡಿಕಲ್ ಶಾಪಿಗೆ ಹೋಗಿ ದೊಡ್ಡ ಪೆಟ್ಟಿಗೆಯನ್ನೇ ತಂದೆ. ಅಲ್ಲಿ ಮಾರಾಟಕ್ಕಿದ್ದ ಹುಡುಗಿ, "ಯಾರಿಗೆ ಅಂಕಲ್?" ಎಂದಳು. "ಯಾಕಮ್ಮ, ಇಂಜಿನ್ ಹಳೇದಾದ್ರೂ ಸರ್ವಿಸ್ ಸರಿಯಾಗಿದೆ" ಎಂದು ಬಂದೆ. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ನಾನು ಈವತ್ತು ಒಳ್ಳೇ ಮಾವನೇ ಆಗಿರುತ್ತಿದ್ದೆ.

ಆದರೆ ಅಂಗಡಿಗೆ ಬಂದು ಪೆಟ್ಟಿಗೆ ನೋಡುತ್ತ ಕೂತಾಗ ಡಾಕ್ಟರಮ್ಮನ ಮಾತು ತಲೆಗೆ ಬಂತು. ಹೊಲಿಗೆ ಹಾಕಿದ ಹೊಟ್ಟೆ. ನಿನ್ನ ಹೆಂಡತಿಯ ಜೀವವೇ ಈ ರಬ್ಬರಿನ ಮೇಲೆ ನಿಂತಿದೆಯಲ್ಲ ಅನ್ನಿಸಿತು. ಕಂಪನಿಯಿಂದ ಬಂದ ಹೊಸ ಟ್ಯೂಬನ್ನೂ ನೀರಿಗಿಳಿಸಿ ನೋಡದೆ ನಾನು ಯಾವತ್ತೂ ಟೈರಿಗೆ ಹಾಕಿದವನಲ್ಲ. ಗಿರಾಕಿಯ ಟ್ಯೂಬಿಗೇ ಅಷ್ಟು ಮಾಡುವವನು ಅಕ್ಕನ ಸೊಸೆಗೆ ಮಾಡಬೇಡವೇ?

ಮಾಡಿದೆ. ಪ್ರತಿಯೊಂದನ್ನೂ.

ಬ್ಲೇಡಿನಿಂದ ಕವರಿನ ಅಂಚನ್ನು ಕೂದಲೆಳೆಯಷ್ಟು ಕೊಯ್ದೆ. ಕಂಪ್ರೆಸರಿನ ಗಾಳಿಯನ್ನು ಸಣ್ಣಗೆ ಇಟ್ಟು ಊದಿಸಿದೆ. ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ನೋಡಿದೆ. ಒಂದು ಢಂ ಎಂದಿತು. "ಏನ್ರೀ ಅದು?" ಎಂದು ನಿನ್ನ ಅತ್ತೆ ಕೂಗಿದಳು. "ಸೈಕಲ್ ಟ್ಯೂಬು ಕಣೇ" ಎಂದೆ. ಮನಸ್ಸಿನಲ್ಲಿ ಮಾತ್ರ, ಒಂದು ಕೆಟ್ಟ ಮಾಲು ಹಿಡಿದೆನಲ್ಲ ಎಂದು ಬೀಗಿದೆ. ಪಾಸಾದವನ್ನು ಒರೆಸಿ, ಟ್ಯೂಬಿಗೆ ಹಚ್ಚುವ ಬಿಳಿ ಪುಡಿಯನ್ನೇ ಹಚ್ಚಿ, ಪಂಪಿನ ಹಿಡಿಗೆ ಸುತ್ತಿ ಮತ್ತೆ ಮಡಿಸಿದೆ. ಕವರಿನೊಳಗಿಟ್ಟು ಅಂಚಿಗೆ ಪಂಚರ್ ಸೊಲ್ಯೂಷನ್ ಸವರಿ ಒತ್ತಿದೆ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜಿನ ಗೀರನ್ನು ದೀಪಕ್ಕೆ ಹಿಡಿದು ಪತ್ತೆ ಮಾಡುವ ನಿನ್ನ ಕಣ್ಣಿಗೂ ಆ ಅಂಟು ಕಾಣಲಿಲ್ಲ. ನಿನಗೆ ಹೇಳಲೂ ಇಲ್ಲ. ಒಂದು ದಿನ ಪಾಪುವಿನ ತಂಗಿಯೋ ತಮ್ಮನೋ ಸರಿಯಾದ ಸಮಯಕ್ಕೆ ಹುಟ್ಟಿದಾಗ ಎಲ್ಲರ ಮುಂದೆ ಹೇಳಿ ಹೊಗಳಿಸಿಕೊಳ್ಳಬೇಕು ಎಂದಿತ್ತು.

ಅವಳು ಬಸುರಿಯಾದ ಸುದ್ದಿ ಬಂದ ವಾರ ನೀನು ಅಂಗಡಿಗೆ ಬಂದೆ. ಕೂರಲಿಲ್ಲ. "ಮಾವ, ನೀನು ತಂದುಕೊಟ್ಟ ಮಾಲು ಚೆನ್ನಾಗಿತ್ತು ತಾನೇ?" ಎಂದೆ. ಟೀ ಅಂಗಡಿಯವನೂ ಬಸ್ ಡ್ರೈವರೂ ಅಲ್ಲೇ ನಿಂತಿದ್ದರು. ನನ್ನ ಮಾಲಿನ ಮೇಲೇ ಅನುಮಾನವೇ ಎಂದು ನನಗೆ ರೇಗಿತು.

"ನನ್ನ ಗ್ಯಾರಂಟಿ ಕಣೋ. ಆನೆ ತುಳಿದ್ರೂ ಹರಿಯಲ್ಲ. ಮಾಲು ಸರಿ ಇದೆ, ಮಿಕ್ಕಿದ್ದು ನೀನು ನೋಡ್ಕೋ."

ಅವರಿಬ್ಬರೂ ನಕ್ಕರು. ನೀನು ನಗಲಿಲ್ಲ. ನೀನು ಕೇಳುತ್ತಿದ್ದುದು ಬೇರೆಯೇ ಎಂದು ಆಗ ನನಗೆ ಹೊಳೆಯಲಿಲ್ಲ. 'ಮಿಕ್ಕಿದ್ದು' ಎಂದು ನಾನು ಅಂದದ್ದು ಬರೀ ತಮಾಷೆಗೆ. ನೀನು ಅದನ್ನು ಮನೆಗೆ ಹೊತ್ತುಕೊಂಡು ಹೋಗಿ ಅವಳ ಮುಖದ ಮೇಲೆ ಎಸೆದೆ.

ನಿಮ್ಮ ಮನೆಯ ಜಗಳ ಕಿವಿಗೆ ಬಿದ್ದ ಮೇಲೆ ನನ್ನ ಕೆಲಸದ ಮೇಲೆ ನನಗೇ ಅನುಮಾನ ಬಂತು. ಸರ್ಕಾರಿ ಆಸ್ಪತ್ರೆಯ ನರ್ಸಮ್ಮನ ಸ್ಕೂಟರಿಗೆ ನಾನೇ ಗಾಳಿ ಹಾಕುವುದು. ಆಕೆಯನ್ನು ಹುಡುಕಿಕೊಂಡು ಹೋಗಿ, "ನನ್ನ ಸ್ನೇಹಿತನೊಬ್ಬ ಹೀಗೆ ಮಾಡಿದ್ದಾನೆ" ಎಂದು ಎಲ್ಲ ಹೇಳಿದೆ. ಆಕೆ ಪೆನ್ನು ಕೆಳಗಿಟ್ಟರು.

"ನಿಮ್ಮ ಸ್ನೇಹಿತರು ಟೈರ್ ಅಂಗಡಿ ಇಟ್ಟಿದ್ದಾರಾ?"

"ಹೌದಮ್ಮ."

"ಮೀಸೆ ಇದೆಯಾ?"

ನಾನು ತಲೆ ತಗ್ಗಿಸಿದೆ. ಆಕೆ ನಗಲಿಲ್ಲ. "ಯಜಮಾನ್ರೇ, ಫ್ಯಾಕ್ಟರೀಲೇ ಅದನ್ನೆಲ್ಲ ಪರೀಕ್ಷೆ ಮಾಡಿ ಕಳಿಸ್ತಾರೆ. ಕವರ್ ಬಿಚ್ಚಿದ ಮೇಲೆ ಅದನ್ನ ಆಗಲೇ ಬಳಸ್ಬೇಕು, ಅದೂ ಒಂದೇ ಸಲ. ನೀವು ಊದಿ ಹಿಗ್ಗಿಸಿದ್ರಿ, ಅದರ ಜಾರುವ ಪಸೆ ಒರೆಸಿ ತೆಗೆದ್ರಿ, ಪುಡಿ ಹಾಕಿದ್ರಿ. ಸಾಲದು ಅಂತ ಸೊಲ್ಯೂಷನ್ ಬೇರೆ. ಅಷ್ಟು ತೆಳ್ಳಗಿನ ರಬ್ಬರು ಅದರ ಪಕ್ಕ ತಿಂಗಳುಗಟ್ಟಲೆ ಕೂತ್ರೆ ಉಳಿಯುತ್ತಾ? ಅದು ಬಸುರು ತಡೆಯೋಕೂ ಬೇಕು, ರೋಗ ತಡೆಯೋಕೂ ಬೇಕು. ನೀವು ಎರಡಕ್ಕೂ ಬಾರದ ಹಾಗೆ ಮಾಡಿದ್ರಿ."

ಸೊಲ್ಯೂಷನ್ ಟ್ಯೂಬಿನ ಮೈಯನ್ನು ಮೆತ್ತಗೆ ಮಾಡಿಯೇ ತೇಪೆ ಹಿಡಿಸುತ್ತದೆ ಎಂದು ಎಷ್ಟು ಜನರಿಗೆ ಪಾಠ ಹೇಳಿದ್ದೇನೆ, ಕಡ್ಡಿ! ನನ್ನ ಪಾಠ ನನಗೇ ನೆನಪಾಗಲಿಲ್ಲ.

ಆಕೆ ಇನ್ನೊಂದು ಮಾತು ಹೇಳಿದರು. "ಹೊಸದು ತಂದು ಸರಿಯಾಗಿ ಬಳಸಿದ್ರೂ ಅಪರೂಪಕ್ಕೆ ತಪ್ಪೋದುಂಟು. ಅದನ್ನ ಹಿಡ್ಕೊಂಡು ಹೆಂಡತಿ ಮೇಲೆ ಅನುಮಾನ ಪಡೋರಿಗೆ ನಮ್ಮ ಹತ್ರ ಔಷಧಿ ಇಲ್ಲ." ಇದನ್ನು ಎರಡು ಸಲ ಓದು. ನನ್ನ ತಪ್ಪು ಇಲ್ಲದಿದ್ದರೂ ನೀನು ಆಡಿದ ಮಾತು ಆಡಬಾರದ್ದೇ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಮೊದಲ ಬಸ್ಸಿಗೆ ಹೋಗಿ ಅವಳನ್ನು ಕರೆದುಕೊಂಡು ಬಾ. ಹೊಲಿಗೆ ಹಾಕಿದ ಹೊಟ್ಟೆ, ಆದ್ದರಿಂದ ಈ ಸಲ ಮೊದಲಿನಿಂದಲೂ ದೊಡ್ಡಾಸ್ಪತ್ರೆಗೇ ತೋರಿಸಬೇಕು, ಭಾರ ಎತ್ತಿಸಬಾರದು ಎಂದಿದ್ದಾರೆ ನರ್ಸಮ್ಮ. ಪಾಪುವನ್ನು ನೀನು ಎತ್ತಿಕೋ. ನನ್ನ ಪೆಟ್ಟಿಗೆಯಲ್ಲಿ ಉಳಿದದ್ದನ್ನೆಲ್ಲ ಕಸಕ್ಕೆ ಹಾಕು. ಮುಂದೆ ಬೇಕಾದಾಗ ನೀನೇ ಅಂಗಡಿಗೆ ಹೋಗಿ, ಕವರಿನ ಮೇಲಿನ ತಾರೀಖು ನೋಡಿ ತಗೋ. ಎಣ್ಣೆ ಮುಟ್ಟಿಸಬೇಡ, ಬಿಸಿಲಲ್ಲಿಡಬೇಡ, ಮಾವನ ಕೈಗಂತೂ ಕೊಡಲೇಬೇಡ. ರಕ್ತ ಪರೀಕ್ಷೆಯ ಮಾತು ಎತ್ತಿದವನು ನೀನು. ಹಾಗಾದರೆ ಮೊದಲು ನಿನ್ನ ತೋಳು ಮುಂದೆ ಚಾಚು.

ಅಂಗಡಿಯ ಮುಂದೆ ನನ್ನನ್ನು ನಿಲ್ಲಿಸಿ ಬೈಯಬೇಕೆನ್ನಿಸಿದರೆ ಬಾ. ಟೀ ಅಂಗಡಿಯವನನ್ನೂ ಡ್ರೈವರನ್ನೂ ನಾನೇ ಕರೆಸುತ್ತೇನೆ. ಅವರ ಮುಂದೆ ಆಡಿದ್ದನ್ನು ಅವರ ಮುಂದೆಯೇ ವಾಪಸು ತೆಗೆದುಕೊಳ್ಳುತ್ತೇನೆ. ಊರು ವರ್ಷಗಟ್ಟಲೆ ನಗಲಿ.

ನೀನೂ ಅವಳೂ ಪಾಪುವೂ ಬರಲಿರುವ ಕೂಸೂ ಒಂದೇ ಸೂರಿನ ಕೆಳಗೆ ತಣ್ಣಗಿರಿ. ಇನ್ನೇನೂ ಬೇಡ ನನಗೆ.

ಇಂತಿ,
ನಿನ್ನ ಮಾವ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಮೇಲೆ ಬರೆದದ್ದೆಲ್ಲ ನಿಜ, ಆದರೆ ಪೂರ್ತಿಯಲ್ಲ.

ತವರಿಗೆ ಹೋಗುವ ದಿನ ಬೆಳಿಗ್ಗೆ ಅವಳು ನನ್ನ ಅಂಗಡಿಗೆ ಬಂದಿದ್ದಳು. ಸೊಂಟದಲ್ಲಿ ಪಾಪು, ಕೈಯಲ್ಲಿ ಬಟ್ಟೆಯ ಚೀಲ. ನಾನು ನರ್ಸಮ್ಮನ ಹತ್ತಿರ ಹೋಗಿ ಬಂದ ಮಾರನೇ ದಿನ ಅದು. ನನಗೆ ಆಗಲೇ ಎಲ್ಲ ಗೊತ್ತಿತ್ತು.

"ಮಾವ, ಆ ಕವರುಗಳಿಂದ ಪಂಚರ್ ವಾಸನೆ ಬರ್ತಿತ್ತು. ನಾನು ಹೇಳಿದ್ರೆ ಅವರು, 'ಮಾವನ ಕೈ ವಾಸನೆ ಬಿಡು' ಅಂದ್ರು. ನೀವೇನಾದ್ರೂ ಬಿಚ್ಚಿದ್ರಾ?"

ಕೇಳುವವರು ಬೇರೆ ಯಾರೂ ಇರಲಿಲ್ಲ. ಹೂಂ ಎಂದಿದ್ದರೆ ಸಾಕಿತ್ತು. "ಛೆ, ನಾನ್ಯಾಕೆ ಮುಟ್ಲಿ ಮಗಳೇ" ಎಂದೆ.

"ಸರಿ ಮಾವ. ನೀವು ಬಿಚ್ಚಿದೆ ಅಂದಿದ್ರೆ ಅವರು ನಂಬೋರು. ನಾನು 'ಮಗು ನಿಮ್ಮದೇ' ಅಂದ್ರೆ ನಂಬಲ್ಲ" ಎಂದು ಹೇಳಿ, ಪಾಪುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಚೀಲವನ್ನೂ ನಾನು ಇಸಿದುಕೊಳ್ಳಲಿಲ್ಲ.

ಈ ಪತ್ರ ಬರೆದು ನಿಮ್ಮಿಬ್ಬರನ್ನೂ ಉಳಿಸಿದೆ ಎಂದುಕೊಂಡಿದ್ದೆ. ಈಗ ತೋರುತ್ತಿದೆ: ಇದನ್ನು ಓದದೆ, ಯಾವ ಪುರಾವೆಯೂ ಇಲ್ಲದೆ ನೀನಾಗೇ ಹೋಗಿ ಅವಳ ಬಾಗಿಲು ತಟ್ಟಬಹುದಿತ್ತು. ಅದೊಂದಕ್ಕೆ ಅವಳು ಕಾಯುತ್ತಿದ್ದಿರಬೇಕು. ನೀನು ಇಲ್ಲಿಯವರೆಗೆ ಓದಿಬಿಟ್ಟಿದ್ದೀಯ. ಆ ದಾರಿಯನ್ನೂ ನಾನೇ ಮುಚ್ಚಿದೆ, ಅಳಿಯ.